ಹಾಲು ಕುಡಿದು ದಣಿಯುವ ಮಗು

ಎರಡು ತಿಂಗಳು ತುಂಬುವ ಹೊತ್ತಿಗೆ ನಮ್ಮ ಮಗಳು ಹಾಲು ಕುಡಿಯುವಾಗ ಬೆವರತೊಡಗಿದಳು. ತಿಪಟೂರಿನಲ್ಲಿ ಆಗ ಮಾರ್ಗಶಿರದ ಚಳಿ. ತೋಟದ ಕಡೆಯಿಂದ ಬೀಸುವ ಗಾಳಿಗೆ ದೊಡ್ಡವರೇ ಶಾಲು ಹೊದೆಯುತ್ತಿದ್ದೆವು. ಅವಳ ಕುಲಾವಿ ಬಿಚ್ಚಿದರೆ ಮಾತ್ರ ಕೂದಲು ಹಣೆಗೆ ಅಂಟಿಕೊಂಡು ಒದ್ದೆಯಾಗಿರುತ್ತಿತ್ತು. ನಾಲ್ಕು ಗುಟುಕು ಎಳೆಯುವಳು, ಬಿಡುವಳು, ಬಾಯಿ ತೆರೆದು ಉಸಿರು ಕೂಡಿಸಿಕೊಳ್ಳುವಳು, ಮತ್ತೆ ಬಾಯಿಡುವಳು. ಹಸಿವೂ ಇತ್ತು, ಹಾಲೂ ಇತ್ತು; ಕುಡಿಯುವ ಕಸುವಿರಲಿಲ್ಲ. ಅರ್ಧ ಹೊಟ್ಟೆಯಲ್ಲೇ ಸೋತು ನಿದ್ದೆ ಹೋಗಿ, ಸ್ವಲ್ಪ ಹೊತ್ತಿಗೆಲ್ಲ ಹಸಿದು ಅಳುತ್ತ ಏಳುವಳು.

ಬಾಣಂತಿ ಕೋಣೆಗೆ ಬಂದವರೆಲ್ಲ ಒಂದೊಂದು ಮದ್ದು ಹೇಳಿದರು. ಸಬ್ಬಸಿಗೆ ಸೊಪ್ಪು ತಿನ್ನು, ಬೆಳ್ಳುಳ್ಳಿ ಸುಟ್ಟು ತಿನ್ನು, ಹಾಲು ಹೆಚ್ಚುತ್ತದೆ. ಬಾಲಗ್ರಹವಿರಬಹುದು, ತಾಯತ ಕಟ್ಟಿಸು. ಅಮ್ಮ ಸಂಜೆಯ ಹೊತ್ತು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಯಾರ ಮಾತಿನಲ್ಲೂ ಕೇಡಿರಲಿಲ್ಲ. ಆದರೂ ಆ ಮಾತುಗಳೆಲ್ಲ ಸುತ್ತಿ ಬಳಸಿ ಬಂದು ನಿಲ್ಲುತ್ತಿದ್ದದ್ದು ತಾಯಿಗೆ ಹಾಲು ಸಾಲದು ಎನ್ನುವಲ್ಲಿಗೇ. ಕೂಸು ಸೊರಗಿದರೆ ನಮ್ಮ ಮನೆಗಳಲ್ಲಿ ಮೊದಲ ಅನುಮಾನ ತಾಯಿಯ ಎದೆಯ ಮೇಲೆ. ಕೂಸಿನ ಎದೆಯೊಳಗೆ ಏನಾಗಿದೆಯೋ ನೋಡಿಸೋಣ ಎಂದು ಹೊರಡುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ.

ನಮ್ಮನ್ನು ಎಬ್ಬಿಸಿದ್ದು ಆಶಾ ಕಾರ್ಯಕರ್ತೆ. ತೂಕದ ತಕ್ಕಡಿ ತೂಗಿದ್ದನ್ನು ತಾಯಿ ಕಾರ್ಡಿನಲ್ಲಿ ಬರೆದಳು. ಹುಟ್ಟಿದಾಗ 2.8 ಕೆ.ಜಿ. ಇದ್ದದ್ದು ಆಗ 3.3. ಮೇಲೇರಬೇಕಾದ ಗೆರೆ ನೆಲ ಹಿಡಿದಿತ್ತು. ಮಗುವಿನ ಜುಬ್ಬ ಮೇಲೆತ್ತಿ, ಗಡಿಯಾರ ಎದುರಿಗಿಟ್ಟುಕೊಂಡು, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿದಳು. ಪಕ್ಕೆಯ ಕೆಳಗೆ ಪ್ರತಿ ಉಸಿರಿಗೂ ಗುಳಿ ಬೀಳುತ್ತಿತ್ತು. "ಅಕ್ಕಾ, ಅರವತ್ತು ದಾಟ್ತಿದೆ. ಈ ವಯಸ್ಸಿಗೆ ಐವತ್ತರ ಒಳಗೆ ಇರಬೇಕು. ಇದು ಹಾಲಿನ ವಿಷಯ ಅಲ್ಲ. ನಾಳೆನೇ ಮಕ್ಕಳ ಡಾಕ್ಟ್ರಿಗೆ ತೋರಿಸಿ" ಎಂದಳು. ಅವಳ ಋಣ ತೀರಿಸುವಂಥದ್ದಲ್ಲ.

ಡಾಕ್ಟರ್ ಸ್ಟೆತಾಸ್ಕೋಪನ್ನು ಎದೆಯ ಮೇಲೆ ಬಹಳ ಹೊತ್ತು ಇಟ್ಟುಕೊಂಡಿದ್ದರು. ಆ ಮೌನದಲ್ಲೇ ನಮಗೆ ಅರ್ಧ ತಿಳಿಯಿತು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ. ಕಾಗದದಲ್ಲಿ ವಿಎಸ್‌ಡಿ, ಊರ ಬಾಯಲ್ಲಿ ಹಾರ್ಟಲ್ಲಿ ಹೋಲ್. ಸಾವಿರ ಮಕ್ಕಳು ಹುಟ್ಟಿದರೆ 8–9 ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ಹುಟ್ಟು ದೋಷ ಇರುತ್ತದಂತೆ. ಅದರಲ್ಲಿ ಹೆಚ್ಚು ಕಾಣುವುದು ಇದೇ.

ಹುಟ್ಟಿದ ದಿನ ಪರೀಕ್ಷಿಸಿದವರಿಗೆ ಏನೂ ಕೇಳಿಸದಿದ್ದದ್ದು ಅವರ ತಪ್ಪಲ್ಲ. ಹೊಟ್ಟೆಯೊಳಗಿನ ಮಗು ಉಸಿರಾಡುವುದಿಲ್ಲ, ಹಾಗಾಗಿ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗಿರುತ್ತವೆ. ಹುಟ್ಟಿದ ಮೇಲೂ ಕೆಲವು ವಾರ ಆ ಬಿಗಿ ಪೂರಾ ಇಳಿಯುವುದಿಲ್ಲ. ಎರಡೂ ಕಡೆ ಒತ್ತಡ ಹೆಚ್ಚುಕಡಿಮೆ ಸಮನಾಗಿರುವಷ್ಟು ದಿನ ರಂಧ್ರ ಸದ್ದು ಮಾಡುವುದಿಲ್ಲ. ನಾಳಗಳು ಸಡಿಲವಾದ ಮೇಲೆ ಎಡಗಡೆಯ ರಕ್ತ ಮೈಗೆ ಹೋಗುವುದು ಬಿಟ್ಟು ರಂಧ್ರದಿಂದ ಬಲಕ್ಕೆ ನುಗ್ಗಿ ಶ್ವಾಸಕೋಶ ತುಂಬುತ್ತದೆ. ಅಲ್ಲಿಂದ ವಾಪಸು ಬಂದ ಅದೇ ರಕ್ತವನ್ನು ಹೃದಯ ಮತ್ತೆ ಮತ್ತೆ ತಳ್ಳಬೇಕು. "ನೀವು ಓಡ್ತಾ ಓಡ್ತಾ ಊಟ ಮಾಡಿ ನೋಡಿ. ನಿಮ್ಮ ಮಗು ಇಡೀ ದಿನ ಹಾಗೇ ಇದೆ" ಎಂದರು ಡಾಕ್ಟರ್. ಅಷ್ಟು ದಿನ ನನ್ನ ಮೇಲೆ ನಾನೇ ಹೊರಿಸಿಕೊಂಡಿದ್ದ ಭಾರ ಆ ಮಾತಿಗೆ ಇಳಿಯಿತು. ಅದರ ಜಾಗದಲ್ಲಿ ಭಯ ಬಂದು ಕೂತಿತು.

ಮಕ್ಕಳ ಹೃದಯಕ್ಕೆ ತೊಂದರೆ ಎಂದರೆ ನಮ್ಮ ಸೀಮೆಯವರ ಬಾಯಲ್ಲಿ ಬರುವುದು ಬೆಂಗಳೂರಿನ ಹೆಸರುಗಳೇ: ಜಯದೇವ, ಬೊಮ್ಮಸಂದ್ರದ ನಾರಾಯಣ ಹೃದಯಾಲಯ, ದುಡ್ಡಿಲ್ಲದೆ ಚಿಕಿತ್ಸೆ ಕೊಡುವ ವೈಟ್‌ಫೀಲ್ಡಿನ ಸತ್ಯ ಸಾಯಿ ಆಸ್ಪತ್ರೆ. ನಾವು ಹೋದದ್ದು ಯಾವುದಕ್ಕೆ ಎಂಬುದು ಇಲ್ಲಿ ಬೇಡ. ಎಲ್ಲ ಕಡೆಯೂ ಎಕೋ ಕೋಣೆಯ ಹೊರಗಿನ ಮೊಗಸಾಲೆ ಹೀಗೇ ಇದ್ದೀತು.

ಆ ಮೊಗಸಾಲೆಯನ್ನು ನಾನು ಮರೆಯಲಾರೆ. ಎಕೋ ಮಾಡುವಾಗ ಮಗು ಮಿಸುಕಬಾರದು. ಅದಕ್ಕೆ ನಿದ್ದೆಯ ಸಿರಪ್ ಕುಡಿಸಿ ಮಲಗಿಸಿಕೊಂಡು ಬನ್ನಿ ಎನ್ನುತ್ತಾರೆ. ಉದ್ದಕ್ಕೂ ತಾಯಂದಿರು, ಅಜ್ಜಿಯರು, ಅಪ್ಪಂದಿರು ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ತೂಗುತ್ತ ನಡೆಯುತ್ತಿರುತ್ತಾರೆ. ಕನ್ನಡ, ತೆಲುಗು, ಉರ್ದು, ಬಂಗಾಳಿ, ಎಲ್ಲ ಭಾಷೆಯ ಜೋಗುಳ ಒಂದೇ ತಗ್ಗಿದ ದನಿಯಲ್ಲಿ ಬೆರೆತು ಹರಿಯುತ್ತದೆ. ಟೋಕನ್ ಕೂಗುವವನೂ ಅಲ್ಲಿ ಮೆಲ್ಲಗೆ ಕೂಗುತ್ತಾನೆ. ಮಲಗಿದ ಮಗು ತಣ್ಣನೆಯ ಜೆಲ್ ಎದೆಗೆ ತಾಗಿದ್ದೇ ತಡ ಚಿಟ್ಟನೆ ಚೀರುತ್ತದೆ; ಅವರನ್ನು ಹೊರಗೆ ಕಳಿಸುತ್ತಾರೆ; ಮತ್ತೆ ನಡಿಗೆ, ಮತ್ತೆ ಜೋಗುಳ.

ಒಳಗೆ ಮಬ್ಬುಗತ್ತಲು. ಪರದೆಯ ಮೇಲೆ ಮಗಳ ಹೃದಯ ಬಡಿಯುತ್ತಿತ್ತು, ಕವಾಟಗಳು ತೆರೆದು ಮುಚ್ಚುವುದು ನಿಚ್ಚಳವಾಗಿ ಕಾಣುತ್ತಿತ್ತು. ಒಂದು ಗುಂಡಿ ಒತ್ತಿದೊಡನೆ ಕೆಂಪು, ನೀಲಿ ಚಿಮ್ಮಿದವು. ನನ್ನ ಮುಖ ನೋಡಿದ ಡಾಕ್ಟರ್, "ನೀಲಿ ಅಂದ್ರೆ ಕೆಟ್ಟ ರಕ್ತ ಅಂತಲ್ಲಮ್ಮ. ಕೆಂಪು ನಮ್ಮ ಕಡೆ ಬರ್ತಿರೋದು, ನೀಲಿ ದೂರ ಹೋಗ್ತಿರೋದು, ಅಷ್ಟೆ" ಎಂದರು. ಗೋಡೆಯ ನಡುವೆ ಮಾತ್ರ ಬಣ್ಣಗಳೆಲ್ಲ ಕಲಸಿಹೋಗಿ ರಭಸವಾಗಿ ನುಗ್ಗುತ್ತಿದ್ದವು. ಅಳೆದರು. 9 ಮಿ.ಮೀ. ಅವಳ ಹೃದಯವೇ ಅವಳ ಮುಷ್ಟಿಯಷ್ಟು.

ಅದೇ ಮೊಗಸಾಲೆಯಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ತಾಯಿಯ ಪಕ್ಕ ಕೂತಿದ್ದಳು. ಎರಡು ಜಡೆ, ಶಾಲೆಯ ಸ್ವೆಟರ್. ತುಟಿ, ಉಗುರು ನೇರಳೆ ಹಣ್ಣು ತಿಂದವರಂತೆ ನೀಲಿ. ಅವಳದೂ ಇಂಥದೇ ರಂಧ್ರ. ಶಾಲೆಗೆ ಬಂದ ವೈದ್ಯರ ತಂಡ ಕಂಡುಹಿಡಿಯುವವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತವೆ. ಈ ಹುಡುಗಿಯ ಪಾಲಿಗೆ ಅದು ತಡವಾಗಿತ್ತು. ವರ್ಷಗಟ್ಟಲೆ ರಕ್ತದ ಹೊಡೆತ ತಿಂದು ಶ್ವಾಸಕೋಶದ ನಾಳಗಳು ದಪ್ಪಗಟ್ಟಿ ಗಡುಸಾಗಿಬಿಟ್ಟರೆ ರಕ್ತ ಹಿಂದುಮುಂದಾಗಿ ಹರಿಯತೊಡಗುತ್ತದೆ. ಆಮೇಲೆ ರಂಧ್ರ ಮುಚ್ಚಿದರೆ ಜೀವಕ್ಕೇ ಅಪಾಯ. ಆಪರೇಷನ್ ಆಗೋದಿಲ್ಲವಂತೆ, ಮಾತ್ರೆ ಬರೆದುಕೊಟ್ಟಿದ್ದಾರೆ ಎಂದು ಆ ತಾಯಿ ಹೇಳಿದಳು. ಹುಡುಗಿ ನನ್ನ ಮಗಳ ಬೆರಳು ಹಿಡಿದು ಆಡಿಸುತ್ತಿದ್ದಳು. ನನಗೆ ಅವಳ ಕಣ್ಣು ನೋಡಲಾಗಲಿಲ್ಲ.

ನಮಗೆ ಸಮಯವಿತ್ತು, ಆದರೆ ಬಹಳವಿಲ್ಲ. ತೂಕ ಸ್ವಲ್ಪ ಕೂಡಲಿ, ಆದರೆ ಆರು ತಿಂಗಳು ದಾಟುವುದು ಬೇಡ ಎಂದರು. ಆಮೇಲಿನ ವಾರಗಳಲ್ಲಿ ನಮ್ಮ ಮನೆ ಗ್ರಾಂ ಲೆಕ್ಕದಲ್ಲಿ ನಡೆಯಿತು. ಎದೆ ಚೀಪುವ ಶ್ರಮ ತಪ್ಪಲೆಂದು ಹಾಲು ಹಿಂಡಿ, ಅತ್ತೆಯ ಕಾಲದ ಬೆಳ್ಳಿ ಒಳಲೆಯಲ್ಲಿ ಎರಡು ಗಂಟೆಗೊಮ್ಮೆ ಚೂರುಚೂರೇ ಕುಡಿಸುವುದು. ಶ್ವಾಸಕೋಶದ ನೀರು ಇಳಿಸಲು ಲಾಸಿಕ್ಸ್ ಹನಿಗಳು. ಶೀತವಿರುವ ಯಾರನ್ನೂ ಹತ್ತಿರ ಬಿಡುವಂತಿಲ್ಲ. ಒಮ್ಮೆ ನ್ಯುಮೋನಿಯಾ ಆಗಿ ಗಳಿಸಿದ ತೂಕವೆಲ್ಲ ಹೋಯಿತು, ಮತ್ತೆ ಮೊದಲಿಂದ. ಕಾಗದಪತ್ರದ ಓಡಾಟ ನನ್ನ ಗಂಡನದು. ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರಿನಲ್ಲಿ ರೇಷನ್ ಕಾರ್ಡ್, ಆಧಾರ್ ಕೊಟ್ಟು ಸರ್ಕಾರದ ಅಪ್ರೂವಲ್‌ಗೆ ಕಾದರು. ಅದು ಬಂದ ದಿನ ಅವಳು ನಾಲ್ಕೂವರೆ ಕೆ.ಜಿ. ತೂಗುತ್ತಿದ್ದಳು.

ಇಷ್ಟು ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ 360 ಮಿ.ಲೀ. ಆಸುಪಾಸು. ರಕ್ತದಾನಿಯೊಬ್ಬ ಒಂದು ಸಲಕ್ಕೆ ಕೊಡುವುದು 350. ನನ್ನ ತಮ್ಮನೂ ಅವನ ಗೆಳೆಯರೂ ರಾತ್ರಿ ರೈಲಿಗೆ ಬಂದು ರಕ್ತ ಕೊಟ್ಟು ಹೋದರು. ಚೀಲದ ಗಾತ್ರ ನೋಡಿ ನಾನು ಮಗಳನ್ನೊಮ್ಮೆ ನೋಡಿದೆ. ಅವಳ ಇಡೀ ಜೀವದ ರಕ್ತ ಒಂದು ಚೀಲದೊಳಗೆ ಹಿಡಿಯುತ್ತದೆ.

ಆಪರೇಷನ್ನಿನ ಹಿಂದಿನ ರಾತ್ರಿ ಸಿಸ್ಟರ್ ಬಂದು ಉಡುದಾರ, ತಾಯತ, ಕಪ್ಪು ಬಳೆ, ಕಾಲ್ಗಡಗ ಎಲ್ಲ ಬಿಚ್ಚಿಸಿದರು. ಅತ್ತೆ ಅವನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡರು. ನಸುಕಿನ ಮೂರು ಗಂಟೆಗೆ ಕೊನೆಯ ಹಾಲು. ಅರಿವಳಿಕೆಗೆ ನಾಲ್ಕು ಗಂಟೆ ಮೊದಲೇ ಎದೆಹಾಲು ನಿಲ್ಲಿಸಬೇಕು. ಐದಕ್ಕೆ ಹಸಿದು ಎದ್ದಳು. ಅಷ್ಟು ತಿಂಗಳು ಒಂದೊಂದು ಗುಟುಕಿಗೂ ಬೇಡಿಕೊಂಡ ನಾನು, ಎದೆ ತುಂಬಿ ರವಿಕೆ ಒದ್ದೆಯಾಗುತ್ತಿದ್ದರೂ, ಅವಳಿಗೆ ಹಾಲಿನ ವಾಸನೆ ಬಡಿಯದಿರಲೆಂದು ದೂರ ನಿಂತೆ. ಅವರಪ್ಪ ಎತ್ತಿಕೊಂಡು ವಾರ್ಡಿನ ಉದ್ದಕ್ಕೂ ತಿರುಗಾಡಿದರು. ಪಕ್ಕದ ಮಂಚದ ರಾಯಚೂರಿನ ಅಜ್ಜಿ ನನ್ನ ಬೆನ್ನು ಸವರಿ, "ಅಳಬ್ಯಾಡವ್ವ. ನಮ್ಮ ಮೊಮ್ಮಗಂದೂ ಮೊನ್ನಿ ಆಗೇದ. ನೋಡು, ಹೆಂಗ ಕಣ್ ಬಿಡ್ತಾನ" ಎಂದಳು.

ಓಟಿಯ ಬಾಗಿಲಲ್ಲಿ ಹಸಿರು ಬಟ್ಟೆಯ ಕೈಗಳು ಅವಳನ್ನು ತೆಗೆದುಕೊಂಡವು. ಒಳಗೆ ಏನು ಮಾಡುತ್ತಾರೆ ಎಂದು ಹಿಂದಿನ ದಿನವೇ ಬಿಡಿಸಿ ಹೇಳಿದ್ದರು. ಹಾರ್ಟ್-ಲಂಗ್ ಯಂತ್ರ ಮೈಗೆ ರಕ್ತ ಹರಿಸುತ್ತದೆ. ಪೊಟ್ಯಾಸಿಯಂ ಬೆರೆತ ತಣ್ಣನೆಯ ದ್ರವ ಕೊಟ್ಟು ಹೃದಯವನ್ನು ನಿಲ್ಲಿಸುತ್ತಾರೆ. ಹೃದಯದ ಸುತ್ತಲಿನ ಅವಳದೇ ಪೊರೆಯಿಂದ ತುಂಡೊಂದನ್ನು ಕತ್ತರಿಸಿ ರಂಧ್ರಕ್ಕೆ ಹೊಲಿಯುತ್ತಾರೆ.

ಹೊರಗೆ ಕೂತು ನಾನು ಎಲ್ಲೋ ಓದಿದ್ದ ಒಬ್ಬ ಅಪ್ಪನನ್ನು ನೆನೆಯುತ್ತಿದ್ದೆ. 1954ರ ಮಾರ್ಚ್ 26, ಅಮೆರಿಕದ ಮಿನಿಯಾಪೊಲಿಸ್. ಮಕ್ಕಳಿಗೆ ನೆಚ್ಚಿಕೊಳ್ಳುವಂಥ ಯಂತ್ರ ಆಗ ಇರಲಿಲ್ಲ. ವಾಲ್ಟನ್ ಲಿಲ್ಲೆಹೈ ಎಂಬ ಶಸ್ತ್ರವೈದ್ಯ ಒಂದು ವರ್ಷದ ಗಂಡುಮಗುವಿನ ಇಂಥದೇ ರಂಧ್ರ ಮುಚ್ಚಲು ತಂದೆಯನ್ನೇ ಪಕ್ಕದ ಮೇಜಿನ ಮೇಲೆ ಮಲಗಿಸಿ, ತಂದೆಯ ತೊಡೆಯ ರಕ್ತನಾಳಗಳಿಂದ ಮಗುವಿಗೆ ಕೊಳವೆ ಜೋಡಿಸಿದರು. ಮಗನ ಹೃದಯ ತೆರೆದಿದ್ದಷ್ಟು ಹೊತ್ತು ಅವನಿಗಾಗಿ ಬಡಿದದ್ದು, ಉಸಿರಾಡಿದ್ದು ತಂದೆ. ಆ ಮಗು ಆಪರೇಷನ್ ಗೆದ್ದು, ಹನ್ನೊಂದನೆಯ ದಿನ ನ್ಯುಮೋನಿಯಾಕ್ಕೆ ಸೋತಿತು. ಹೊಲಿಗೆ ಮಾತ್ರ ಗಟ್ಟಿಯಾಗಿತ್ತು. ಲಿಲ್ಲೆಹೈ ನಿಲ್ಲಿಸಲಿಲ್ಲ. ಹೀಗೆ ಇನ್ನೊಬ್ಬರ ಮೈಗೆ ಜೋಡಿಸಿ ಆಪರೇಷನ್ ಮಾಡಿದ 45 ಜನರಲ್ಲಿ 28 ಮಂದಿ ಮನೆಗೆ ಹೋದರು. ನನ್ನನ್ನು ಕೇಳಿದ್ದರೆ ನಾನೂ ಮಲಗುತ್ತಿದ್ದೆ. ಬಾಗಿಲ ಹೊರಗಿನ ಕಬ್ಬಿಣದ ಕುರ್ಚಿಗಳಲ್ಲಿ ಕೂತ ಯಾರನ್ನು ಕೇಳಿದ್ದರೂ ಅದೇ ಹೇಳುತ್ತಿದ್ದರು. ನಮಗೆ ಆ ಕೆಲಸ ಬೇಕಾಗದಂತೆ ಮಾಡಿಹೋದವರಲ್ಲಿ ಆ ಅಪ್ಪನೂ ಒಬ್ಬ.

ಮಧ್ಯಾಹ್ನ ಸರ್ಜನ್ ಹೊರಗೆ ಬಂದು, "ಆಯ್ತಮ್ಮ, ಚೆನ್ನಾಗಿ ಮುಚ್ಚಿದೆ" ಎಂದರು. ಅವರ ಹಣೆಯ ಮೇಲೆ ಟೋಪಿಯ ಗುರುತು ಗೆರೆಯಾಗಿ ಕೂತಿತ್ತು. ನಾನು ಕೈ ಮುಗಿದೆ, ಮಾತು ಬರಲಿಲ್ಲ.

ಐಸಿಯುಗೆ ಬಿಡುವಾಗ ಮೊಣಕೈವರೆಗೆ ಸೋಪು ಹಚ್ಚಿ ತೊಳೆಸಿದರು, ಗೌನು, ಟೋಪಿ ಹಾಕಿಸಿದರು. ಅವಳು ಅಷ್ಟು ದೊಡ್ಡ ಮಂಚದ ನಡುವೆ ಒಂದು ಮೊಳದಷ್ಟು ಜಾಗದಲ್ಲಿದ್ದಳು. ಕೆನ್ನೆಗೆ ಟೇಪು, ಬಾಯಲ್ಲಿ ವೆಂಟಿಲೇಟರಿನ ಕೊಳವೆ, ಕಾಲ ಹೆಬ್ಬೆರಳಿಗೆ ಕೆಂಪು ದೀಪ. ಎದೆಯ ನಡುವೆ ಉದ್ದನೆಯ ಬಿಳಿ ಪಟ್ಟಿ. ಅದರ ಕೆಳಗಿಂದ ಹೊರಟ ಕೊಳವೆ ಡಬ್ಬಿಯೊಳಗೆ ರಕ್ತಮಿಶ್ರಿತ ನೀರು ಇಳಿಸುತ್ತಿತ್ತು. ನನ್ನ ದನಿ ಕೇಳಿ ಎಚ್ಚರಾದಳು. ಮುಖ ಕೆಂಪಾಯಿತು, ಹುಬ್ಬು ಗಂಟಿಕ್ಕಿತು, ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. ಸದ್ದಿಲ್ಲ. ಕೊಳವೆ ಗಂಟಲ ತಂತುಗಳ ನಡುವೆ ಹೋಗಿರುವುದರಿಂದ ಮಗು ಅತ್ತರೂ ಅಳು ಕೇಳಿಸುವುದಿಲ್ಲ. ಮಗುವಿನ ಅಳುವಿಗೆ ಓಡಿಬರುವುದೊಂದೇ ಗೊತ್ತಿದ್ದ ನನಗೆ, ಸದ್ದಿಲ್ಲದ ಆ ಅಳುವಿನ ಎದುರು ಏನು ಮಾಡಬೇಕೆಂದು ತೋಚಲಿಲ್ಲ. ಸಿಸ್ಟರ್ ನನ್ನ ಕೈ ಹಿಡಿದು ಅವಳ ನೆತ್ತಿಯ ಮೇಲೆ ಇಟ್ಟರು. "ಇಲ್ಲಿ ವೈರ್ ಇಲ್ಲ. ಇಲ್ಲಿ ಇಡಿ, ಸುಮ್ನೆ ಇಡಿ, ಸವರಬೇಡಿ" ಎಂದರು. ಮಾನಿಟರಿನ ಮೇಲೆ 180ರ ಹತ್ತಿರವಿದ್ದ ಬಡಿತ ನಿಧಾನಕ್ಕೆ 150ಕ್ಕೆ ಇಳಿಯಿತು. ಆ ಸಿಸ್ಟರ್ ಕೇರಳದ ಕಡೆಯವರು, ಇಪ್ಪತ್ತೈದರ ಒಳಗಿನ ಹುಡುಗಿ.

ಕೊಳವೆ ತೆಗೆದ ಮೇಲೆ ದನಿ ಕೆಲವು ದಿನ ಗೊಗ್ಗರಾಗಿತ್ತು. ಹಿಂಡಿ ಕೊಟ್ಟ ಹಾಲನ್ನು ಮೊದಲು ಮೂಗಿನ ನಳಿಕೆಯಲ್ಲಿ 5 ಮಿ.ಲೀ. ಕೊಟ್ಟರು, ಅರಗಿತು, 10, ಅದೂ ಅರಗಿತು. ವಾರ್ಡಿಗೆ ಬಂದ ದಿನ ರಾಯಚೂರಿನ ಅಜ್ಜಿ ಊರಿಗೆ ಹೊರಟು ನಿಂತಿದ್ದಳು. ಮೊಮ್ಮಗನನ್ನು ನನ್ನ ಮಗಳ ಪಕ್ಕ ಒಂದು ಗಳಿಗೆ ಮಲಗಿಸಿ, ಇಬ್ಬರ ಎದೆಯ ಪಟ್ಟಿಯನ್ನೂ ನೋಡಿ, ಇಬ್ಬರಿಗೂ ಒಟ್ಟಿಗೇ ಲಟಿಕೆ ಮುರಿದಳು.

ಡಿಸ್ಚಾರ್ಜ್ ಹಾಳೆಯಲ್ಲಿ ಬರೆದದ್ದು ಇಷ್ಟು: ಎದೆಯ ಮೂಳೆ ಕೂಡುವವರೆಗೆ, ಅಂದರೆ ಆರು ವಾರ, ಕಂಕುಳಿಗೆ ಕೈ ಹಾಕಿ ಎತ್ತಬಾರದು, ಕುತ್ತಿಗೆ ಮತ್ತು ಕುಂಡೆಯ ಕೆಳಗೆ ಕೈಯಿಟ್ಟು ಎತ್ತಬೇಕು. ಜ್ವರ ಬಂದರೆ ತಡಮಾಡಬಾರದು. ಹಲ್ಲು ಬಂದ ಮೇಲೆ ಹುಳುಕಾಗದಂತೆ ನೋಡಿಕೊಳ್ಳಬೇಕು, ಬಾಯಿಯ ಸೋಂಕು ಹೃದಯಕ್ಕೆ ಇಳಿಯಬಹುದು. ಮನೆಯಲ್ಲಿ ಎಲ್ಲರಿಗೂ ಎತ್ತುವುದನ್ನು ಹೇಳಿಕೊಟ್ಟೆ. ಮಾವನವರಿಗೆ ಧೈರ್ಯ ಸಾಲದೆ ಎಷ್ಟೋ ದಿನ ತೊಟ್ಟಿಲ ಪಕ್ಕ ಕೂತು ಮಾತಾಡಿಸುವುದರಲ್ಲೇ ತೃಪ್ತಿಪಟ್ಟರು.

ಮರುತಪಾಸಣೆಗೆ ಹೋದಾಗ ಎಕೋದಲ್ಲಿ ಗೋಡೆ ಕೂಡಿತ್ತು, ಶ್ವಾಸಕೋಶದ ಒತ್ತಡ ಇಳಿದಿತ್ತು. ಲಾಸಿಕ್ಸ್ ನಿಲ್ಲಿಸಿದರು. ತಕ್ಕಡಿಯ ಮೇಲೆ ಆರು ಕೆ.ಜಿ. ದಾಟಿದ್ದಳು. ಇನ್ನು ಹಾಲೊಂದೇ ಸಾಲದು, ರಾಗಿ ಸರಿ ಶುರುಮಾಡಿ ಎಂದರು ಡಾಕ್ಟರ್. ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. "ಈವತ್ತು ರಾತ್ರಿಯೇ ನೆನೆಹಾಕ್ತೀನಿ. ನಾಳೆ ಮೊಳಕೆ ಕಟ್ಟಿದ್ರೆ ನಾಡಿದ್ದು ಒಣಗಿಸಿ, ಹುರಿದು, ಬೀಸಿ, ಬಟ್ಟೇಲಿ ಸೋಸಿ ಇಡ್ತೀನಿ. ನಿಮ್ಮ ಯಜಮಾನ್ರನ್ನ ಭಾನುವಾರ ಕಳಿಸು, ಎರಡು ಡಬ್ಬ ಆಗುತ್ತೆ" ಎಂದಳು.