ಮನೋರೋಗಿಯ ಸುರಕ್ಷತೆ: ನಂಬಿಕೆ ಮತ್ತು ವಾಸ್ತವ

ಮಾನಸಿಕ ಅಸ್ವಸ್ಥತೆ ಉಲ್ಬಣಗೊಂಡವರನ್ನು ಕಟ್ಟಿಹಾಕಿದರೆ ಅವರಿಗೂ ಸುತ್ತಲಿನವರಿಗೂ ಕ್ಷೇಮ ಎಂಬ ನಂಬಿಕೆ ಇಂದಿಗೂ ಅಳಿದಿಲ್ಲ. ಅದೆಷ್ಟು ಘೋರವಾದ ಭ್ರಮೆ ಎಂಬುದು 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬಯಲಾಯಿತು. ಅಲ್ಲಿನ ದರ್ಗಾದ ಬಳಿಯಿದ್ದ ಖಾಸಗಿ ಆಶ್ರಯವೊಂದಕ್ಕೆ ನಸುಕಿನಲ್ಲಿ ಬೆಂಕಿ ಬಿದ್ದಾಗ, ಸರಪಳಿ ತೊಡಿಸಲ್ಪಟ್ಟಿದ್ದವರು ಓಡಲಾರದೆ ಬೆಂದುಹೋದರು. ಸತ್ತವರ ಸಂಖ್ಯೆ 28ಕ್ಕೆ ಮುಟ್ಟಿತು.

2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರಪಳಿಯನ್ನೂ ಏಕಾಂತ ಬಂಧನವನ್ನೂ ಪೂರ್ತಿಯಾಗಿ ನಿಷೇಧಿಸಿದೆ. ದೈಹಿಕ ನಿರ್ಬಂಧವನ್ನು, ಅಂದರೆ ಕೈಕಾಲು ಅಲುಗದಂತೆ ಹಿಡಿಯುವುದು ಅಥವಾ ಬಿಗಿಯುವುದನ್ನು, ಸನ್ನಿಹಿತ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದಾಗ, ಮನೋವೈದ್ಯರ ಅನುಮತಿಯಿಂದ, ಅತ್ಯಗತ್ಯವಾದಷ್ಟು ಹೊತ್ತು ಮಾತ್ರ ಬಳಸಬಹುದು. ಶಿಕ್ಷೆಗೆಂದಾಗಲಿ ಸಿಬ್ಬಂದಿ ಸಾಲದೆಂದಾಗಲಿ ಬಳಸುವಂತಿಲ್ಲ. ಸಿಬ್ಬಂದಿಯ ಕೊರತೆಯನ್ನು ಕಾಯ್ದೆ ಹೀಗೆ ಬಿಡಿಸಿ ಹೇಳಿರುವುದು ಬಹು ಮುಖ್ಯ. ಏಕೆಂದರೆ ಕಟ್ಟಿ ಮಲಗಿಸಿದ ರೋಗಿಗೆ ಉಸಿರು ಕಟ್ಟಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆದ್ದರಿಂದ ಅವನಿಗೆ ಹೆಚ್ಚು ಜನರ ಕಾವಲು ಬೇಕೇ ಹೊರತು ಕಡಿಮೆ ಜನರದ್ದಲ್ಲ.

ವೈದ್ಯರು ಬರೆದ ಮಾತ್ರೆಯನ್ನು ತಪ್ಪದೆ ನುಂಗಿದರೆ ಸಾಕು ಎಂಬುದು ಇನ್ನೊಂದು ಅರೆಸತ್ಯ. ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ದ್ವಿಧ್ರುವ ಕಾಯಿಲೆಗೆ ಕೊಡುವ ಲಿಥಿಯಂ, ರಕ್ತದಲ್ಲಿ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಿರಿದಾಗಿರುವ ಔಷಧ. ಆದ್ದರಿಂದ ರಾತ್ರಿಯ ಮಾತ್ರೆ ನುಂಗಿದ ಸುಮಾರು 12 ಗಂಟೆಯ ನಂತರ, ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ತೆಗೆದು ಅಳೆಯುತ್ತಾರೆ. ವಾಂತಿಭೇದಿಯಿಂದ ದೇಹದ ನೀರು ಬತ್ತಿದಾಗ, ಅಥವಾ ಮಂಡಿನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಗುಳಿಗೆ ಸೇರಿದಾಗ ಈ ಪ್ರಮಾಣ ಏರುತ್ತದೆ. ಕೈ ಒರಟಾಗಿ ನಡುಗುವುದು, ನಾಲಿಗೆ ತೊದಲುವುದು, ನಡಿಗೆ ತಟ್ಟಾಡುವುದು ಅದರ ಸೂಚನೆಗಳು. ಮನೆಯವರು ಇವನ್ನು ಹಳೆಯ ಕಾಯಿಲೆಯೇ ಮರಳಿತೆಂದು ತಿಳಿದು ಕಾಯುತ್ತ ಕುಳಿತರೆ ಅಮೂಲ್ಯವಾದ ಹೊತ್ತು ಕಳೆದುಹೋಗುತ್ತದೆ.

ಆತ್ಮಹತ್ಯೆಯ ಮಾತೆತ್ತಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಅಂಜಿಕೆಗೂ ಆಧಾರವಿಲ್ಲ. "ಬದುಕುವುದೇ ಬೇಡ ಅನ್ನಿಸುತ್ತಿದೆಯೆ?" ಎಂದು ಸಮಾಧಾನದಿಂದ ನೇರವಾಗಿ ಕೇಳುವುದು ಅಪಾಯವನ್ನು ಹೆಚ್ಚಿಸುವುದಿಲ್ಲವೆಂದು ಅಧ್ಯಯನಗಳು ಪದೇ ಪದೇ ಕಂಡುಕೊಂಡಿವೆ.

ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಗಂಡಾಂತರ ಕಳೆಯಿತೆಂದು ಕುಟುಂಬ ನಿಟ್ಟುಸಿರು ಬಿಡುವುದು ಸಹಜ. ವಾಸ್ತವದಲ್ಲಿ ಬಿಡುಗಡೆಯ ನಂತರದ ಮೊದಲ ಕೆಲವು ವಾರಗಳಲ್ಲೇ ಆತ್ಮಹತ್ಯೆಯ ಅಪಾಯ ಅತಿ ಹೆಚ್ಚು. ವಾರ್ಡಿನ ಕಾವಲು ಒಮ್ಮೆಗೇ ಇಲ್ಲವಾಗಿ, ಆಸ್ಪತ್ರೆ ಸೇರುವ ಮುಂಚಿನ ಸಾಲ, ಜಗಳ, ಒಂಟಿತನಗಳು ಹಾಗೆಯೇ ಎದುರಾಗುತ್ತವೆ. ಬಿಡುಗಡೆಯ ಚೀಟಿಯಲ್ಲಿ ಮುಂದಿನ ಭೇಟಿಯ ದಿನಾಂಕ ಕೆಲವೇ ದಿನಗಳ ಅಂತರದಲ್ಲಿರಬೇಕು, ಮಾತ್ರೆಗಳನ್ನು ತಿಂಗಳಿಗೆ ಬದಲಾಗಿ ವಾರಕ್ಕಾಗುವಷ್ಟೇ ಕೊಟ್ಟು ಅವು ಯಾರ ಕೈಯಲ್ಲಿರಬೇಕೆಂಬುದನ್ನು ರೋಗಿಯೊಂದಿಗೇ ಮಾತಾಡಿ ಗೊತ್ತುಮಾಡಬೇಕು, ಮತ್ತು ನಡುರಾತ್ರಿಯಲ್ಲೂ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಅದೇ ಚೀಟಿಯಲ್ಲಿ ದಪ್ಪಕ್ಷರದಲ್ಲಿರಬೇಕು.