ಕರೆಂಟಿಲ್ಲದವನ ಮೌನ ಸಮ್ಮತಿಯಲ್ಲ

ಜುಲೈ ಮಳೆಗೆ ಕರೆಂಟ್ ಹೋದರೆ ನಮ್ಮೂರಲ್ಲಿ ಯಾರೂ ಗಾಬರಿ ಆಗಲ್ಲ. ಸಕಲೇಶಪುರದಿಂದ ಹೆತ್ತೂರು ಕಡೆಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದಿರುತ್ತೆ. ಅದು ಎಲ್ಲಿ ಅಂತ ಹುಡುಕೋಕೇ ಲೈನ್‌ಮನ್‌ಗಳಿಗೆ ಒಂದು ದಿನ ಬೇಕು. ಆ ವರ್ಷ ಒಂಬತ್ತು ದಿನ ಕರೆಂಟ್ ಬರಲಿಲ್ಲ. ಎರಡನೇ ದಿನ ಯುಪಿಎಸ್ ಸತ್ತಿತು. ಮೂರನೇ ದಿನ ಮೊಬೈಲ್ ಟವರೂ ಮಲಗಿತು. ಆಫೀಸಿಗೆ ಹೇಗೋ ಸುದ್ದಿ ಮುಟ್ಟಿಸಿ ರಜೆ ಹಾಕಿದ್ದೆ. ಆದರೆ ಸಂಬಳವಿಲ್ಲದೆ ಮಾಡುತ್ತಿದ್ದ ಇನ್ನೊಂದು ಕೆಲಸಕ್ಕೆ ರಜೆ ಹಾಕುವ ಪದ್ಧತಿಯೇ ಇರಲಿಲ್ಲ.

ಆ ಕೆಲಸ ಏನೆಂದರೆ, ಕನ್ನಡ ಸ್ಪೆಲ್‌ಚೆಕ್‌ಗೆ ಪದಪಟ್ಟಿ ಕಟ್ಟುವುದು. ಆರು ಜನ ಸ್ವಯಂಸೇವಕರು. ಬೆಂಗಳೂರಲ್ಲಿ ಮೂವರು, ಮಂಗಳೂರಲ್ಲಿ ಒಬ್ಬರು, ಆಲೂರು ಹತ್ತಿರದ ಒಬ್ಬ ನಿವೃತ್ತ ಮೇಷ್ಟ್ರು, ಮತ್ತೆ ನಾನು. ಓಪನ್ ಸೋರ್ಸ್ ಅಂದರೆ ಗೊತ್ತಲ್ಲ, ಯಾರು ಬೇಕಾದರೂ ನೋಡಬಹುದು, ತೆಗೆದುಕೊಳ್ಳಬಹುದು, ತಿದ್ದಿ ಕಳಿಸಬಹುದು. ಆದರೆ ತಿದ್ದಿ ಕಳಿಸಿದ್ದನ್ನು ಒಳಗೆ ಸೇರಿಸುವ ಅಧಿಕಾರ ಯಾರದು ಅನ್ನುವುದು ಬೇರೆಯೇ ಪ್ರಶ್ನೆ. ಆರೇ ಜನ ಇದ್ದಾಗ ಆ ಪ್ರಶ್ನೆ ಕೇಳೋಕೆ ಸಂಕೋಚ ಆಗುತ್ತೆ. ನಾವ್ಯಾರೂ ಕೇಳಿರಲಿಲ್ಲ.

ಹತ್ತನೇ ದಿನ ಪೇಟೆಗೆ ಹೋಗಿ ಫೋನ್ ಆನ್ ಮಾಡಿದೆ. ಸಕಲೇಶಪುರ ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದುಕೊಂಡೇ ಇನ್ನೂರಕ್ಕೂ ಹೆಚ್ಚು ಮೆಸೇಜ್ ಓದಿದೆ.

ಮೊದಲ ಸುದ್ದಿ: ಪಟ್ಟಿಯಿಂದ ‘ಗ್ರಾಮ್ಯ’ ಪದಗಳನ್ನು ತೆಗೆಯುವ ಪ್ರಸ್ತಾಪ ಬಂದಿದೆ, 72 ಗಂಟೆಯಲ್ಲಿ ಯಾರೂ ವಿರೋಧಿಸಿಲ್ಲ, ಪಾಸಾಗಿದೆ. ಗೊರಬು, ಕಂಬಳಿಕೊಪ್ಪೆ, ಮುಯ್ಯಾಳು ಎಲ್ಲ ಹೋಗಿವೆ. ಅಂದರೆ ಇನ್ನು ಮುಂದೆ ಯಾರಾದರೂ ‘ಮುಯ್ಯಾಳು’ ಅಂತ ಟೈಪ್ ಮಾಡಿದರೆ ಕೆಳಗೆ ಕೆಂಪು ಗೆರೆ. ಆ ಪದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೇಷ್ಟ್ರು ಊರೂರು ತಿರುಗಿ ಬರೆದುಕೊಂಡು ಬಂದಿದ್ದು.

ಎರಡನೇ ಸುದ್ದಿ ನನ್ನದೇ ಎಡವಟ್ಟು. ಹಿಂದಿನ ಆವೃತ್ತಿಯಲ್ಲಿ ಒಂದು ದೋಷವಿತ್ತು, ಕೆಲವರ ಎಡಿಟರ್ ತೆರೆದ ಕೂಡಲೇ ಮುಚ್ಚಿಹೋಗುತ್ತಿತ್ತು. ಮಂಗಳೂರಿನವರು ಅದೇ ದಿನ ಸರಿ ಮಾಡಿದ್ದರು. ಆದರೆ ಹೊಸ ಆವೃತ್ತಿಗೆ ಸಹಿ ಹಾಕಿ ಹೊರಬಿಡುವ ಕೀ ಇದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ‘ನೀವೆಲ್ಲಿ?’ ‘ಸರ್, ಒಂದು ಸಲ ಆನ್‌ಲೈನ್ ಬನ್ನಿ’ ಅಂತ ದಿನಕ್ಕೆ ನಾಲ್ಕು ಸಲ ಕೇಳಿದ್ದರು.

ಪದ ತೆಗೆದದ್ದಕ್ಕೆ ನನಗೆ ಸಿಟ್ಟು, ಕೀ ಕೊಡದಿದ್ದದ್ದಕ್ಕೆ ಅವರಿಗೆ ಸಿಟ್ಟು. ಇಬ್ಬರದೂ ನ್ಯಾಯವಾದದ್ದೇ.

ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಆಗಲೇ ಬಿಟ್ಟಿದ್ದರು. ‘ನಾನು ಸುಮ್ಮನಿದ್ದೆ ಅಂದ್ರೆ ಒಪ್ಪಿದೆ ಅಂತಲೇನಪ್ಪ? ಗದ್ದೇಲಿದ್ದೆ. ನಾಟಿ ನಡೀತಿತ್ತು’ ಅಂದರು. ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಅರ್ಧ ನಕಲು

ಆ 72 ಗಂಟೆ ನಮ್ಮ ಸ್ವಂತ ಬುದ್ಧಿಯಲ್ಲ. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ನಿನ ನಿಯಮಗಳಿಂದ ಎತ್ತಿಕೊಂಡದ್ದು. ಬೇರೆ ಬೇರೆ ದೇಶದ ಸ್ವಯಂಸೇವಕರಿಗೆ ಅವಕಾಶ ಸಿಗಲಿ ಅಂತ ಅಲ್ಲಿ ಮತದಾನಕ್ಕೆ ಸಾಮಾನ್ಯವಾಗಿ ಕನಿಷ್ಠ 72 ಗಂಟೆ ಕೊಡುತ್ತಾರೆ. ಸಣ್ಣಪುಟ್ಟ ವಿಷಯಕ್ಕೆ ‘ಯಾರೂ ಬೇಡ ಅನ್ನದಿದ್ದರೆ ಮುಂದುವರಿ’ ಅನ್ನುವ ಪದ್ಧತಿಯೂ ಇದೆ. ಆದರೆ ಅವರದೇ ನಿಯಮದಲ್ಲಿ ಹೊಸ ಆವೃತ್ತಿ ಬಿಡಲು ಕನಿಷ್ಠ ಮೂರು ಜನ ಬಾಯಿಬಿಟ್ಟು ‘ಹೌದು’ ಅನ್ನಬೇಕು. ಕೋಡ್ ಬದಲಾವಣೆಗೆ ಒಬ್ಬನೇ ತಡೆ ಒಡ್ಡಬಹುದು, ಆದರೆ ತಾಂತ್ರಿಕ ಕಾರಣ ಕೊಡಲೇಬೇಕು. ನಾವು ಸುಲಭವಾದದ್ದನ್ನಷ್ಟೇ ತಂದು ಉಳಿದದ್ದನ್ನು ಅಲ್ಲೇ ಬಿಟ್ಟಿದ್ದೆವು. ಮೌನವೇ ಸಮ್ಮತಿ ಅನ್ನುವುದು ಎಲ್ಲರಿಗೂ ನೆಟ್‌ವರ್ಕ್ ಇರುವ ಕಡೆ ಸರಿ. ಬಿಸಿಲೆ ಕಡೆಯ ಮಳೆಗೆ ಆ ನಿಯಮ ಗೊತ್ತಿಲ್ಲ.

ಆಮೇಲೆ ಬೇರೆಯವರು ಹೇಗೆ ಮಾಡಿದ್ದಾರೆ ಅಂತ ಓದಲು ಕೂತೆ. ಡೆಬಿಯನ್ ಎಂಬ ಲಿನಕ್ಸ್ ಸಮುದಾಯ 1993ರಲ್ಲಿ ಶುರುವಾದದ್ದು, 1998ರಲ್ಲೇ ತನಗೊಂದು ಸಂವಿಧಾನ ಬರೆದುಕೊಂಡಿತು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಮಾತು: ಈ ಸಂವಿಧಾನದಿಂದ ಯಾರ ಮೇಲೂ ಕೆಲಸ ಮಾಡಲೇಬೇಕೆಂಬ ಹೊಣೆ ಬೀಳುವುದಿಲ್ಲ, ಇಷ್ಟವಿಲ್ಲದಿದ್ದರೆ ಬಿಡಬಹುದು, ಆದರೆ ನಿಯಮದಂತೆ ಆದ ತೀರ್ಮಾನಕ್ಕೆ ಅಡ್ಡಗಾಲು ಹಾಕಬಾರದು. ಸಂಬಳವಿಲ್ಲದ ಕೆಲಸದ ಸತ್ಯವೇ ಇದು. ಅಲ್ಲಿ ಪ್ರತಿ ವರ್ಷ ಮುಖ್ಯಸ್ಥರ ಚುನಾವಣೆ ಆಗುತ್ತೆ. ಅಭ್ಯರ್ಥಿಗಳನ್ನು ಇಷ್ಟದ ಕ್ರಮದಲ್ಲಿ ಗುರುತಿಸಬೇಕು, ‘ಇವರಲ್ಲಿ ಯಾರೂ ಬೇಡ’ ಅನ್ನುವುದೂ ಪಟ್ಟಿಯಲ್ಲೇ ಇರುತ್ತೆ. ಒಬ್ಬ ಡೆವಲಪರ್ ತನ್ನ ಕೆಲಸದ ಬಗ್ಗೆ ತೆಗೆದುಕೊಂಡ ತೀರ್ಮಾನವನ್ನು ತಾಂತ್ರಿಕ ಸಮಿತಿ ತಳ್ಳಿಹಾಕಬೇಕಾದರೆ ಸರಳ ಬಹುಮತ ಸಾಲದು, ಮೂರಕ್ಕೊಂದು ಬೇಕು. ನಮ್ಮಲ್ಲಿ ಆ ಒಂದು ಸಾಲು ಇದ್ದಿದ್ದರೆ ಮೇಷ್ಟ್ರ ಪದಗಳು ಉಳಿಯುತ್ತಿದ್ದವು.

ಪೈಥಾನ್ ಕಥೆ ಹೆಚ್ಚಿನವರಿಗೆ ಗೊತ್ತಿರಬಹುದು. ಅದನ್ನು ಹುಟ್ಟುಹಾಕಿದ ಗೀಡೊ ವಾನ್ ರೋಸಮ್ ಒಂದು ಸಣ್ಣ ಹೊಸ ಚಿಹ್ನೆಯ ಜಗಳದಲ್ಲಿ ಸಾಕಾಗಿ 2018ರ ಜುಲೈನಲ್ಲಿ ಹಿಂದೆ ಸರಿದರು. ಉತ್ತರಾಧಿಕಾರಿಯನ್ನೂ ಹೆಸರಿಸಲಿಲ್ಲ, ನೀವೇ ನೋಡಿಕೊಳ್ಳಿ ಅಂದರು. ಅದೇ ಡಿಸೆಂಬರ್‌ನಲ್ಲಿ ಸಮುದಾಯ ಮತ ಹಾಕಿ ಐದು ಜನರ ಮಂಡಳಿಯ ಪದ್ಧತಿಯನ್ನು ಆರಿಸಿಕೊಂಡಿತು. ಒಂದೇ ಕಂಪನಿಯ ಇಬ್ಬರಿಗಿಂತ ಹೆಚ್ಚು ಜನ ಅದರಲ್ಲಿರುವಂತಿಲ್ಲ. ಮೊದಲ ಮಂಡಳಿಗೆ ಗೀಡೊ ಕೂಡ ಆರಿಸಿ ಬಂದರು, ಐವರಲ್ಲಿ ಒಬ್ಬರಾಗಿ.

ಕೀ ಒಬ್ಬನ ಹತ್ತಿರವೇ ಇದ್ದರೆ ಏನಾಗಬಹುದು ಅನ್ನುವುದಕ್ಕೆ 2024ರ ಮಾರ್ಚ್ ಸಾಕು. ಎಕ್ಸ್‌ಜೆಡ್ ಅನ್ನುವ ಫೈಲ್ ಕುಗ್ಗಿಸುವ ಸಣ್ಣ ತಂತ್ರಾಂಶ ಲಿನಕ್ಸ್ ಲೋಕದಲ್ಲಿ ಎಲ್ಲೆಲ್ಲೂ ಇದೆ. ನೋಡಿಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ಒಬ್ಬನೇ, ಅವನೂ ದಣಿದಿದ್ದ. ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಬಿಡುಗಡೆಯ ಅಧಿಕಾರ ಪಡೆದು, ಕೊನೆಗೆ ಅದರೊಳಗೆ ಹಿಂಬಾಗಿಲು ಇಟ್ಟರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಅನ್ನಿಸಿ ಬೆನ್ನುಹತ್ತಿದ್ದರಿಂದ ಸಿಕ್ಕಿಬಿತ್ತು. ದಣಿದವನ ಹೆಗಲಿಗೆ ಕೈಕೊಡಲು ಬಂದವನನ್ನು ಅನುಮಾನಿಸುವುದು ಕಷ್ಟ. ಅದಕ್ಕೇ ಯಾರೇ ಬಂದರೂ ಎರಡನೆಯ ಕಣ್ಣು ಬೇಕು ಅನ್ನುವ ನಿಯಮ ಮೊದಲೇ ಇರಬೇಕು.

ಕನ್ನಡದಲ್ಲೇ ನೋಡಬೇಕೆಂದರೆ ವಿಕಿಪೀಡಿಯ ಇದೆ. 2003ರಲ್ಲಿ ಶುರುವಾದದ್ದು. ಅಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟದ ಹೆಸರೇ ‘ಅರಳಿ ಕಟ್ಟೆ’. ನಿರ್ವಾಹಕರಾಗಲು ಸಮುದಾಯದ ಮುಂದೆ ಬಂದು ಬೆಂಬಲ ಕೇಳಬೇಕು. ಇನ್ನು ಸ್ವಂತ ನಿಯಮ ಮಾಡಿಕೊಳ್ಳದ ವಿಕಿಗಳಿಗೆಲ್ಲ ಒಂದು ಜಾಗತಿಕ ಪದ್ಧತಿ ಇದೆ: ಎರಡು ವರ್ಷ ಯಾವ ಕೆಲಸವನ್ನೂ ಮಾಡದ ನಿರ್ವಾಹಕರಿಗೆ ಮೊದಲು ತಿಳಿಸಿ, ಆಮೇಲೆ ಅಧಿಕಾರ ಹಿಂದಕ್ಕೆ. ಅವಮಾನ ಅಲ್ಲ, ಬೀಗದ ಕೈ ವಾಪಸ್ ಅಷ್ಟೇ.

ಮುಯ್ಯಿ ಲೆಕ್ಕ

ಇದನ್ನೆಲ್ಲ ಅಜ್ಜಿಗೆ ಹೇಳಿದರೆ, ‘ನಿಮ್ದೂ ಮುಯ್ಯಾಳೇ ಬಿಡು’ ಅಂದಳು. ಇವತ್ತು ನಾವು ನಿಮ್ಮ ಗದ್ದೆಗೆ ನಾಟಿಗೆ ಬಂದರೆ, ನಾಳೆ ನೀವು ನಮ್ಮ ಗದ್ದೆಗೆ. ದುಡ್ಡಿಲ್ಲ, ಆಳಿಗೆ ಆಳು. ಗದ್ದೆಯವರು ಊಟ ಹಾಕಬೇಕು. ಜ್ವರ ಬಂದವರ ಮುಯ್ಯಿ ಮುಂದಕ್ಕೆ ಹೋಗುತ್ತೆ, ಮರೆಯಲ್ಲ. ಯಾರ ಗದ್ದೆ ಮೊದಲು ಅನ್ನುವುದನ್ನು ನೀರು ಹೇಳುತ್ತೆ. ಒಂದು ಚೀಟಿ ಇಲ್ಲ, ಎಲ್ಲ ಬಾಯಲ್ಲೇ.

ಕೇಳೋಕೆ ಚೆಂದ. ಆದರೆ ಗದ್ದೆ ಇಲ್ಲದವರಿಗೆ ಆ ಲೆಕ್ಕದಲ್ಲಿ ಜಾಗ ಇರಲಿಲ್ಲ, ಅವರು ಕೂಲಿಗೇ ಬರಬೇಕಿತ್ತು. ಬಾಯಿಮಾತಿನ ನಿಯಮ ಮೊದಲಿಂದ ಇದ್ದವರಿಗೆ ಅನುಕೂಲ, ಹೊಸಬರಿಗೆ ಗೋಡೆ. ನಮ್ಮ ಪ್ರಾಜೆಕ್ಟಿಗೆ ಆಮೇಲೆ ಸೇರಿದ ಒಬ್ಬ ಹುಡುಗಿ ಕೇಳಿದ್ದಳು: ‘ನನ್ನ ತಿದ್ದುಪಡಿ ಬೇಡ ಅಂತ ಯಾರು ತೀರ್ಮಾನ ಮಾಡ್ತಾರೆ, ಹೇಗೆ?’ ಅವಳಿಗೆ ತೋರಿಸಲು ನಮ್ಮ ಹತ್ತಿರ ಒಂದು ಪುಟವೂ ಇರಲಿಲ್ಲ.

ಬರೆದೆವು. ಸಂಘವಾಗಿ ನೋಂದಾಯಿಸೋಣ ಅಂತಲೂ ಮಾತು ಬಂತು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಕನಿಷ್ಠ ಏಳು ಜನ ಬೇಕು. ಮೇಷ್ಟ್ರು ಹೋಗಿ, ಆ ಹುಡುಗಿ ಬಂದು, ನಾವು ಮತ್ತೆ ಆರೇ ಜನ. ಡೊಮೈನ್ ದುಡ್ಡು ಈಗಲೂ ನನ್ನ ಕಾರ್ಡಿನಿಂದಲೇ ಹೋಗುತ್ತೆ, ಅದೊಂದು ಬಾಕಿ.

ಪುಟ ಒಂದೂವರೆ ಆಯಿತು. ಹೆಚ್ಚು ಜಗಳ ಆದದ್ದು ಮೌನದ ಬಗ್ಗೆ. ಬೆಂಗಳೂರಿನವರು, ಎಲ್ಲರಿಗೂ ಕಾಯುತ್ತಾ ಕೂತರೆ ಏನೂ ಮುಗಿಯಲ್ಲ ಅಂದರು. ಅದೂ ನಿಜ. ಕೊನೆಗೆ ಹೀಗೆ ಒಪ್ಪಿದೆವು: ಸೇರಿಸುವುದಕ್ಕೆ ಮೂರು ದಿನದ ಮೌನ ಸಾಕು. ತೆಗೆಯುವುದಕ್ಕೆ ಮೌನ ಸಾಲದು, ಹದಿನಾಲ್ಕು ದಿನ ಬೇಕು, ಸೇರಿಸಿದವರನ್ನು ಫೋನ್ ಮಾಡಿಯೇ ಕೇಳಬೇಕು. ತೆಗೆಯುವುದು ಅಂದರೂ ಅಳಿಸುವುದಲ್ಲ, ‘ಪ್ರಾದೇಶಿಕ’ ಅಂತ ಗುರುತು ಹಾಕುವುದು. ಕೆಂಪು ಗೆರೆ ಬರಲ್ಲ. ಬಿಡುಗಡೆಯ ಕೀ ಮೂವರ ಹತ್ತಿರ, ಇಬ್ಬರ ಸಹಿ ಇಲ್ಲದೆ ಏನೂ ಹೊರಗೆ ಹೋಗಲ್ಲ. ಯಾರು ಬೇಕಾದರೂ ‘ರಜೆ’ ಅಂತ ಒಂದು ಸಾಲು ಹಾಕಿ ಹೋಗಬಹುದು, ಕಾರಣ ಯಾರೂ ಕೇಳುವಂತಿಲ್ಲ. ಆರು ತಿಂಗಳು ಸುದ್ದಿ ಇಲ್ಲದಿದ್ದರೆ ಕೀ ವಾಪಸ್, ಹೆಸರು ಮಾತ್ರ ಪಟ್ಟಿಯಲ್ಲಿ ಉಳಿಯುತ್ತೆ.

ಆ ಪುಟವನ್ನು ಪ್ರಿಂಟ್ ತೆಗೆಸಿಕೊಂಡು ಆಲೂರಿಗೆ ಹೋದೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮೂರು ಕಾಗುಣಿತದ ತಪ್ಪು ಹಿಡಿದರು. ‘ನೋಡೋಣ’ ಅಂದರು.

ಕಾಫಿ ಕೊಯ್ಲು ಮುಗಿದ ಮೇಲೆ, ಫೆಬ್ರವರಿಯಲ್ಲಿ, ಅವರ ಹೆಸರಿಂದ ಹನ್ನೊಂದು ಹೊಸ ಪದ ಬಂದವು. ಜೂನ್ ಕೊನೆಗೆ ಮೋಡ ಕವಿದಾಗ ನಾನು ‘ರಜೆ’ ಅಂತ ಬರೆದಿಟ್ಟೆ. ಆ ಸಲ ಕರೆಂಟ್ ಹೋದದ್ದು ಆರು ದಿನ. ವಾಪಸ್ ಬಂದು ನೋಡಿದರೆ ಹೊಸ ಆವೃತ್ತಿ ಹೊರಬಿದ್ದಿತ್ತು, ಮಂಗಳೂರಿನವರದು ಒಂದು ಸಹಿ, ಆ ಹುಡುಗಿಯದು ಇನ್ನೊಂದು. ನಾನು ಸೇರಿಸಿದ್ದ ಒಂದು ಪದಕ್ಕೆ ಮೇಷ್ಟ್ರ ಆಕ್ಷೇಪಣೆಯೂ ಕಾಯುತ್ತಿತ್ತು. ಹದಿನಾಲ್ಕು ದಿನದಲ್ಲಿ ಇನ್ನೂ ಎಂಟು ದಿನ ಬಾಕಿ ಇತ್ತು.