ಸರ್ವರ್ ಯಾವ ನೆಲದಲ್ಲಿದೆ?

ಚೀನಾದ ಅಂತರ್ಜಾಲ ನಿಯಂತ್ರಣವು ಅಲ್ಲಿನ ಸರ್ಕಾರವೊಂದರದೇ ಕೆಲಸವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆಯಾದರೂ ಅದರಲ್ಲಿ ವಿದೇಶಿ ಕಂಪನಿಗಳ ಪಾಲೂ ಇದೆ. ಪೊಲೀಸರ ಆದೇಶ ಬರುವುದಕ್ಕೆ ಎಷ್ಟೋ ಮೊದಲು, ಬಳಕೆದಾರರ ದತ್ತಾಂಶವನ್ನು ಯಾವ ದೇಶದಲ್ಲಿ ಇಡಬೇಕೆಂದು ಕಂಪನಿ ತೀರ್ಮಾನಿಸಿದಾಗಲೇ ಆ ಪಾಲು ಬಹುಮಟ್ಟಿಗೆ ನಿಶ್ಚಯವಾಗಿರುತ್ತದೆ.

ಹುನಾನ್ ಪ್ರಾಂತದ ಪತ್ರಕರ್ತ ಶಿ ತಾವೊ ಅವರ ಪ್ರಕರಣದಲ್ಲಿ ಇದರ ಕಠೋರ ರೂಪ ಕಾಣುತ್ತದೆ. ತಿಯಾನನ್ಮೆನ್ ಹತ್ಯಾಕಾಂಡದ 15ನೆಯ ವಾರ್ಷಿಕ ದಿನ ಸಮೀಪಿಸುತ್ತಿದ್ದಾಗ ಪತ್ರಿಕೆಗಳು ಹೇಗೆ ನಡೆದುಕೊಳ್ಳಬೇಕೆಂದು ಆಡಳಿತ ನೀಡಿದ್ದ ಸೂಚನೆಯ ಸಾರವನ್ನು ಅವರು 2004ರ ಏಪ್ರಿಲ್‌ನಲ್ಲಿ ತಮ್ಮ ಯಾಹೂ ಖಾತೆಯಿಂದ ಹೊರದೇಶದ ಜಾಲತಾಣವೊಂದಕ್ಕೆ ಹೆಸರು ತಿಳಿಸದೆ ಕಳುಹಿಸಿದರು. ಆದರೆ ಅಂತರ್ಜಾಲದ ಪ್ರತಿ ಸಂಪರ್ಕಕ್ಕೂ ಐಪಿ ವಿಳಾಸವೆಂಬ ಗುರುತಿನ ಸಂಖ್ಯೆಯಿರುತ್ತದೆ. ಯಾಹೂ ಒದಗಿಸಿದ ಆ ಸಂಖ್ಯೆಯ ಜಾಡು ಅವರ ಪತ್ರಿಕಾ ಕಚೇರಿಯವರೆಗೆ ಸಾಗಿತು. ರಾಜ್ಯರಹಸ್ಯವನ್ನು ಹೊರಗೆಡವಿದ ಆರೋಪದ ಮೇಲೆ 2005ರಲ್ಲಿ ಅವರಿಗೆ 10 ವರ್ಷಗಳ ಸೆರೆವಾಸ ವಿಧಿಸಲಾಯಿತು, ಬಿಡುಗಡೆಯಾದದ್ದು 2013ರಲ್ಲಿ. ಸ್ಥಳೀಯ ಕಾನೂನನ್ನು ಪಾಲಿಸಿದ್ದಾಗಿ ಯಾಹೂ ಸಮರ್ಥಿಸಿಕೊಂಡಿತು. ಆ ಮಾತಿನಲ್ಲಿ ಸುಳ್ಳಿಲ್ಲವಾದರೂ, ಲಾಭದ ನಿರೀಕ್ಷೆಯಿಂದ ಆ ಕಾನೂನಿನ ಅಧೀನಕ್ಕೆ ತಾನಾಗಿಯೇ ಹೋದ ಸಂಸ್ಥೆಯೊಂದು ಬಳಿಕ ಅದನ್ನೇ ನೆಪವಾಗಿ ಮುಂದೊಡ್ಡುವುದು ಒಪ್ಪತಕ್ಕದ್ದಲ್ಲ. 2007ರ ನವೆಂಬರ್‌ನಲ್ಲಿ ಅಮೆರಿಕದ ಸಂಸದೀಯ ಸಮಿತಿಯ ವಿಚಾರಣೆಯಲ್ಲಿ ಯಾಹೂ ಮುಖ್ಯಸ್ಥ ಜೆರ್ರಿ ಯಾಂಗ್ ಅವರು ಶಿ ತಾವೊ ಅವರ ತಾಯಿಯ ಕ್ಷಮೆ ಕೋರಿದರು.

ಈ ಅಪಾಯವನ್ನು ಮುಂಗಾಣುವುದು ಅಸಾಧ್ಯವೇನೂ ಆಗಿರಲಿಲ್ಲ. 2006ರಲ್ಲಿ ಚೀನಾಕ್ಕೆಂದೇ ಹುಡುಕುತಾಣ ತೆರೆದ ಗೂಗಲ್, ಸರ್ಕಾರಕ್ಕೆ ಒಲ್ಲದ ಫಲಿತಾಂಶಗಳನ್ನು ತಾನೇ ಸೋಸಿ ತೆಗೆಯಲು ಒಪ್ಪಿತಾದರೂ, ಜನರ ಖಾಸಗಿ ಪತ್ರಗಳನ್ನು ಒಪ್ಪಿಸಬೇಕಾದ ಪರಿಸ್ಥಿತಿ ಬಾರದಿರಲೆಂದು ಜಿಮೇಲ್ ಸೇವೆಯನ್ನು ಅಲ್ಲಿಗೆ ಒಯ್ಯಲಿಲ್ಲ. ಸೋಸುವಿಕೆಗೆ ಒಪ್ಪಿದ್ದು ತಪ್ಪೇ. ಜಿಮೇಲನ್ನು ಹೊರಗಿಟ್ಟದ್ದು ವಿವೇಕ. 2010ರ ಮಾರ್ಚ್‌ನಲ್ಲಿ ಅದು ಆ ಹುಡುಕುತಾಣವನ್ನೂ ಕೈಬಿಟ್ಟು ಬಳಕೆದಾರರನ್ನು ಹಾಂಗ್‌ಕಾಂಗ್ ತಾಣದತ್ತ ತಿರುಗಿಸಿತು.

ಇದಕ್ಕೆ ವಿರುದ್ಧವಾದ ದಾರಿಯನ್ನು ಆ್ಯಪಲ್ ಹಿಡಿಯಿತು. ದತ್ತಾಂಶವನ್ನು ದೇಶದೊಳಗೇ ಇಡಬೇಕೆಂಬ ಚೀನಾದ ಸೈಬರ್ ಭದ್ರತಾ ಕಾನೂನು 2017ರಲ್ಲಿ ಜಾರಿಗೆ ಬಂದ ಮೇಲೆ, 2018ರ ಫೆಬ್ರವರಿಯಲ್ಲಿ ಅದು ಚೀನೀ ಬಳಕೆದಾರರ ಐಕ್ಲೌಡ್ ಸಂಗ್ರಹವನ್ನು, ಎಂದರೆ ದೂರದ ಸರ್ವರ್‌ಗಳಲ್ಲಿ ಉಳಿಯುವ ಅವರ ಚಿತ್ರ, ಸಂದೇಶ, ಕಡತಗಳನ್ನು, ಗುಯಿಝೌ ಪ್ರಾಂತೀಯ ಸರ್ಕಾರದ ಒಡೆತನದ ಕಂಪನಿಯ ನಿರ್ವಹಣೆಗೆ ವಹಿಸಿತು. ಗೂಢಲಿಪಿಯಾದ ದತ್ತಾಂಶವನ್ನು ಮತ್ತೆ ಓದಲು ಬೇಕಾದ ಸಂಕೇತಗಳೂ, ಅಂದರೆ ಕೀಲಿಗಳೂ, ಚೀನಾದೊಳಕ್ಕೆ ಬಂದವು. ಅವು ತನ್ನ ಹತೋಟಿಯಲ್ಲೇ ಇವೆ ಎಂದು ಆ್ಯಪಲ್ ಹೇಳುತ್ತದೆ. ಆದರೂ ಹಿಂದೆ ಅಮೆರಿಕದ ಕಾನೂನು ಪ್ರಕ್ರಿಯೆಯ ಮೂಲಕ ಹಾದು ಬರಬೇಕಿದ್ದ ಚೀನಾದ ಪೊಲೀಸರು ಈಗ ತಮ್ಮದೇ ದೇಶದ ಕಾನೂನಿನಡಿ ನೇರವಾಗಿ ಮಾಹಿತಿ ಕೇಳಬಲ್ಲರು.